ಹೊಸ ನೀರು ಬಿಟ್ಟ ಮೇಲೆ

ಬೆಳಗ್ಗೆ ಮಾಡಿದ ಬದನೆಕಾಯಿ ಪಲ್ಯಕ್ಕೆ ತಾನು ಉಪ್ಪು ಹಾಕಿರಲಿಲ್ಲ ಎಂಬುದು ಸಾವಂತ್ರವ್ವನಿಗೆ ನೆನಪಾದದ್ದು ಹೊತ್ತು ಇಳಿದ ಮೇಲೆ, ದನದ ಮುಂದೆ ಕಣಿಕೆ ಹಾಕುತ್ತಿದ್ದಾಗ. ಕಣಿಕೆಯ ಹೊರೆ ಹಿಡಿದುಕೊಂಡೇ ನಿಂತು ಯೋಚಿಸಿದಳು. ಖಾರ ಹಾಕಿದ್ದು ನೆನಪಿತ್ತು, ಶೇಂಗಾ ಪುಡಿ ಹಾಕಿದ್ದು ನೆನಪಿತ್ತು. ಉಪ್ಪಿನ ಗಡಿಗೆಗೆ ಕೈ ಹಾಕಿದ್ದು ಮಾತ್ರ ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ. ಗಂಡ ಯಲಗೂರಪ್ಪ ಮೂರು ರೊಟ್ಟಿ ಉಂಡು, ತಾಟು ಒರೆಸಿ ಎದ್ದು ಹೋಗಿದ್ದ. ಆಮೇಲೆ ಅವಳೂ ಸೊಸೆ ಪರಸವ್ವನೂ ಎದುರುಬದುರು ಕೂತು ಅದನ್ನೇ ಉಂಡಿದ್ದರು. ಯಾರೂ ಏನೂ ಅಂದಿರಲಿಲ್ಲ. ಅವಳಿಗೂ ಏನೂ ಅನಿಸಿರಲಿಲ್ಲ.

ಇದು ಮೊದಲ ಸಲವೇನೂ ಅಲ್ಲ. ಮನೆಯ ಮೂರೂ ನಾಲಗೆ ಸತ್ತಿವೆ ಎಂದುಕೊಂಡು ಸಾವಂತ್ರವ್ವ ಕಣಿಕೆ ಹಾಕಿ ಒಳಗೆ ಬಂದಳು.

ಹಿರಿಯ ಮಗ ಭಾಗಪ್ಪ ಹೋಗಿ ಒಂದೂವರೆ ವರ್ಷವಾಗಿತ್ತು. ಬೇಸಿಗೆಯಲ್ಲಿ ಜ್ವರ ಬಂತು, ತಮ್ಮೂರು ತಿಕೋಟಾದ ಔಷಧಕ್ಕೆ ಬಗ್ಗಲಿಲ್ಲ, ವಿಜಾಪುರಕ್ಕೆ ಒಯ್ಯಬೇಕೆನ್ನುವಷ್ಟರಲ್ಲಿ ಮುಗಿದು ಹೋಯಿತು. ಮಣ್ಣು ಕೊಟ್ಟು ಬಂದ ಮೇಲೆ ಎಲ್ಲರಂತೆ ಸಾವಂತ್ರವ್ವನೂ ಎದೆ ಬಡಿದುಕೊಂಡು ಅತ್ತಳು. ಮೂರನೆಯ ದಿನಕ್ಕೆ ಅಳು ನಿಂತಿತು. ನಿಂತದ್ದು ನಿಂತೇ ಹೋಯಿತು. ಬಂದ ನೆಂಟರು ಅವಳನ್ನು ಗಟ್ಟಿಗಿತ್ತಿ ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಇರಲಿಲ್ಲ, ಅಷ್ಟೆ. ಕಿರಿಯ ಮಗ ಬಾಬು ವಿಜಾಪುರದ ಸ್ಟೇಷನ್ ರಸ್ತೆಯ ಕಿರಾಣಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದು, ಹೆಂಡತಿಯೊಡನೆ ಅಲ್ಲೇ ಬಾಡಿಗೆ ಮನೆ ಹಿಡಿದಿದ್ದ. ಊರ ಹೊರಗಿನ ನಿಂಬೆ ತೋಟ, ಬಾವಿ, ಒಂದು ಜೋಡಿ ಎತ್ತು ಮುದುಕರಿಬ್ಬರ ಮತ್ತು ಸೊಸೆಯ ಪಾಲಿಗೆ ಉಳಿದವು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ ಬಂದಿತ್ತು. ಪರಸವ್ವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮಕ್ಕಳಾಗಿರಲಿಲ್ಲ. ಹೇಳಿದ ಕೆಲಸ ಮಾಡುತ್ತಿದ್ದಳು, ಹೇಳದ ಕೆಲಸವನ್ನೂ ಮಾಡುತ್ತಿದ್ದಳು. ಅತ್ತೆ ಒಲೆಯ ಮುಂದೆ ಕೂತು ಪಲ್ಯ ಮಾಡಿ ರೊಟ್ಟಿ ಬಡಿಯಲು ತಿರುಗಿದರೆ, ಪಲ್ಯದ ಗಡಿಗೆ ಇಳಿಸಿ ಮುಚ್ಚಿಟ್ಟು, ಬೆರಳನ್ನು ಸೆರಗಿಗೆ ಒರೆಸಿಕೊಂಡು ಏಳುತ್ತಿದ್ದಳು. ಹಿತ್ತಲಲ್ಲಿ ಅವಳು ಹಚ್ಚಿದ ಸೇವಂತಿಗೆಯಿತ್ತು, ಚೆಂಡುಹೂವಿನ ಒಂದು ಸಾಲಿತ್ತು. ಮುಸುರೆ ತೊಳೆದ ನೀರು ಅವಕ್ಕೆ ಹೋಗುತ್ತಿತ್ತು. ಆ ಹೂವನ್ನು ಅವಳು ಮುಡಿಯುವಂತಿರಲಿಲ್ಲ.

ಆ ವರ್ಷ ಗಣಪತಿ ಹಬ್ಬ ಕಳೆದ ಮೇಲೆ ಮಳೆ ಹಿಂದೆ ಸರಿಯಿತು. ಯಲಗೂರಪ್ಪ ಒಂದು ಮುಂಜಾನೆ ಗುದ್ದಲಿ ಹೆಗಲಿಗೇರಿಸಿ, "ಈ ಸಲ ಬಹಾರ ಹಿಡಿಯೂನು" ಎಂದ. ಮಗ ಸತ್ತ ವರ್ಷ ತೋಟದ ಕಡೆ ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಆದ್ದರಿಂದ ಆ ಮಾತಿಗೆ ಸಾವಂತ್ರವ್ವ ಒಂದು ಗಳಿಗೆ ಗಂಡನ ಮುಖ ನೋಡಿದಳು.

ಬಹಾರ ಹಿಡಿಯುವುದೆಂದರೆ ಗಿಡವನ್ನು ಹೆದರಿಸಿ ಹೂ ಬಿಡಿಸುವುದು. ನಿಂಬೆಯನ್ನು ಅದರ ಪಾಡಿಗೆ ಬಿಟ್ಟರೆ ಮಳೆಗಾಲದಲ್ಲಿ ಕಾಯಿ ಸುರಿಯುತ್ತದೆ, ಆಗ ಕೇಳುವವರಿಲ್ಲ. ಬೇಸಿಗೆಗೆ ಕಾಯಿ ಬೇಕಾದರೆ ಮಳೆ ನಿಂತ ಮೇಲೆ ಬುಡ ಅಗೆದು, ಬೇರಿಗೆ ಬಿಸಿಲು ತೋರಿಸಿ, ನೀರು ಕಟ್ಟಬೇಕು. ಎಲೆ ಬಾಡುತ್ತದೆ, ಸುರುಟುತ್ತದೆ, ಹಳದಿಯಾಗಿ ಅರ್ಧಕ್ಕರ್ಧ ಉದುರುತ್ತದೆ. ಇನ್ನು ತನ್ನ ಕಥೆ ಮುಗಿಯಿತೆಂದು ಗಿಡಕ್ಕೆ ಅನಿಸುವ ಹೊತ್ತಿಗೆ ಗೊಬ್ಬರ ಹಾಕಿ, ಮಣ್ಣು ಮುಚ್ಚಿ, ನೀರು ಬಿಟ್ಟರೆ ಮೈತುಂಬ ಹೂ. ಆ ಮೊದಲ ನೀರಿಗೆ ಅವರ ಮನೆಯಲ್ಲಿ ಹೊಸ ನೀರು ಎನ್ನುತ್ತಿದ್ದರು. ಬೇಗ ಬಿಟ್ಟರೆ ಹೂವಿಲ್ಲ, ತಡ ಮಾಡಿದರೆ ಗಿಡವಿಲ್ಲ. ಇವತ್ತು ಬಿಡಿರಿ ಎಂದು ಹೇಳುವುದು ಮನೆಯ ಹಿರಿಯ ಗಂಡಸಿನ ಬಾಯಿ. ಅವನು ಹೇಳುವ ತನಕ ಯಾರೂ ಬಾವಿಗೆ ಎತ್ತು ಹೂಡುವಂತಿಲ್ಲ.

ಬುಡ ಅಗೆಯುವ ಕೆಲಸ ನಡೆದಿದ್ದಾಗ ಬಬಲೇಶ್ವರದಿಂದ ಪರಸವ್ವನ ಅಣ್ಣ ರಾಯಪ್ಪ ಬಂದ. ಕೈಚೀಲದಲ್ಲಿ ಚುರುಮುರಿ, ಬೆಲ್ಲ ತಂದಿದ್ದ. ಪಡಸಾಲೆಯಲ್ಲಿ ಕೂತು ಬಹಳ ಹೊತ್ತು ಜೋಳದ ಬಿತ್ತಿಗೆಯ ಮಾತಾಡಿದ. ಕಡೆಗೆ ತಲೆಯ ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಮಾವಾರ, ನಮ್ಮ ಪೈಕಿ ಉಡಿಕಿ ಏನ್ ಹೊಸಾದಲ್ಲ. ತೊರವ್ಯಾಗ ಒಬ್ಬಾಂವ ಅದಾನ್ರಿ. ಹೆಂಡ್ತಿ ಹಡ್ಯಾಕ ಹೋಗಿ ಸತ್ತಾಳ. ಹೊಲಾ ಐತಿ, ಮಂದೀನೂ ಛಲೋ ಅದಾರ. ನೀವು ಹೂಂ ಅಂದ್ರ ನಮ್ಮ ತಂಗೀದು ಒಂದು ದಂಡಿಗಿ ಹತ್ತತೈತಿ."

ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಕೊಡುವುದು ಅವರಲ್ಲಿ ನಡೆಯುತ್ತಿತ್ತು. ಆದರೆ ಅತ್ತೆಮನೆಯವರ ಒಪ್ಪಿಗೆ ಬೇಕು. ಒಳಗೆ ಪರಸವ್ವ ಅಕ್ಕಿ ಆರಿಸುತ್ತಿದ್ದಳು. ಮೊರದ ಸಪ್ಪಳ ನಿಂತಿತು, ಮತ್ತೆ ಶುರುವಾಯಿತು.

"ಬಹಾರ ಹಿಡದೀನಿ" ಎಂದ ಯಲಗೂರಪ್ಪ. "ಬುಡಾ ಎಲ್ಲಾ ಅಗದ ಬಿಟ್ಟೀವಿ. ಮನ್ಯಾಗ ಕೈ ಇಲ್ಲ. ಹೊಸ ನೀರ ಬಿಟ್ಟ ಮ್ಯಾಲ ಕರಕೊಂಡ ಹೋಗು."

"ಮಾತ ಅಂದ್ರ ಮಾತ ಹೌದಲ್ರಿ?"

"ನಾ ಎರಡ ಮಾತ ಆಡಾಂವಲ್ಲ."

ಅದು ನಿಜ. ಯಲಗೂರಪ್ಪ ಎರಡು ಮಾತಾಡುವವನಲ್ಲವೆಂದು ತಿಕೋಟಾದಲ್ಲಿ ಎಲ್ಲರಿಗೂ ಗೊತ್ತಿತ್ತು. ರಾಯಪ್ಪ ನೆಮ್ಮದಿಯಿಂದ ಎರಡು ರೊಟ್ಟಿ ಹೆಚ್ಚಿಗೆ ಉಂಡು ಬಸ್ಸು ಹತ್ತಿದ.

ಅವತ್ತು ಸಂಜೆ ಸಾವಂತ್ರವ್ವ ಸೊಸೆಯನ್ನು ಕೇಳಿದಳು. "ನಿನಗ ಹೋಗಬೇಕು ಅನಸ್ತೈತೇನ ಬೇ?"

"ಗೊತ್ತಿಲ್ರಿ ಅತ್ತಿ."

"ಇಲ್ಲೇ ಇರಬೇಕು ಅಂತರೆ?"

ಪರಸವ್ವ ಕಂದೀಲಿನ ಗಾಜನ್ನು ಬೂದಿಯಿಂದ ಉಜ್ಜುತ್ತಿದ್ದಳು. "ಹಂಗೂ ಅನ್ಸೂದಿಲ್ರಿ. ಏನೂ ಅನ್ಸೂದಿಲ್ರಿ ಅತ್ತಿ."

ಸಾವಂತ್ರವ್ವನದೂ ಅದೇ ಗತಿಯಾಗಿತ್ತು.

ಮಹಾನವಮಿಯ ಹೊತ್ತಿಗೆ ತೋಟದ ಬಣ್ಣ ಬದಲಾಗಿತ್ತು. ಸುತ್ತಲ ಹೊಲಗಳಲ್ಲಿ ತೊಗರಿ ಹಳದಿ ಹೂ ಹೊತ್ತು ನಿಂತಿತ್ತು, ಹಿಂಗಾರಿ ಜೋಳ ಆಗಷ್ಟೇ ಮಣ್ಣು ಸೀಳಿ ಎದ್ದಿತ್ತು. ನಡುವೆ ಇವರ ನಿಂಬೆ ಮಾತ್ರ ಎಲೆ ಮಡಚಿಕೊಂಡು, ಕಿವಿ ಜೋತ ದನದ ಹಾಗೆ ನಿಂತಿತ್ತು. ಗೊಬ್ಬರ ಬುಡಕ್ಕೆ ಬಂದು ಬಿದ್ದಿತ್ತು. ಅಗೆದ ಬೇರಿಗೆ ಮಣ್ಣನ್ನೂ ಮುಚ್ಚಿ ಆಗಿತ್ತು. ಮುಂಜಾನೆ ತೋಟಕ್ಕೆ ಹೋಗುವಾಗ ಪರಸವ್ವ ಕೇಳುತ್ತಿದ್ದಳು:

"ಮಾವಾ, ಇವತ್ತ ಎತ್ತ ಹೂಡೂದೇನ್ರಿ?"

"ತಡಿ. ಎಲಿ ಬೀಳಲಿ."

ಮರುದಿನವೂ ಅದೇ ಪ್ರಶ್ನೆ. ಅದೇ ಉತ್ತರ.

ಆಯುಧ ಪೂಜೆಗೆ ಚೆಂಡುಹೂ ಒಯ್ಯಲು ಬಾಬು ಬಂದ. ಅಂಗಡಿಯ ತಕ್ಕಡಿಗೆ ಹಾರ ಬೇಕಿತ್ತು. ಹೂ ಬಿಡಿಸಿಕೊಂಡು ತೋಟದ ಕಡೆ ಒಂದು ಸುತ್ತು ಹಾಕಿ ಬಂದವನು ಊಟಕ್ಕೆ ಕೂತಲ್ಲೇ ಶುರು ಮಾಡಿದ.

"ಯಪ್ಪಾ, ಗಿಡಾ ನೋಡೀಯೋ ಇಲ್ಲೋ? ಅರ್ಧಾ ಬೋಳಾಗ್ಯಾವ. ನೀರ ಬಿಡಾಕ ಇನ್ನ ಮುಹೂರ್ತಾ ತಗಸಬೇಕೇನ?"

"ನೀ ತಕ್ಕಡಿ ನೋಡಾಂವ, ತಕ್ಕಡಿ ನೋಡ."

"ಅಣ್ಣ ಇದ್ದಾಗ ಇಷ್ಟೊತ್ತಿಗಿ ಹೂವಿನ ಮಗ್ಗಿ ಕಾಣತಿದ್ವು."

ಯಲಗೂರಪ್ಪ ತುತ್ತನ್ನು ತಾಟಿನಲ್ಲೇ ಬಿಟ್ಟು ಎದ್ದ. ಕೈ ತೊಳೆಯುವ ನೀರೂ ಮುಟ್ಟದೆ ಹೊರಗೆ ಹೋದ.

"ಉಣ್ಣೂ ಮನಿಷ್ಯಾನ ಎಬ್ಬಿಸಿ ಕಳಿಸಿದ್ಯಲ್ಲೋ" ಎಂದಳು ಸಾವಂತ್ರವ್ವ.

"ನಾ ಏನ್ ಸುಳ್ಳ ಅಂದ್ನಿ? ಯವ್ವಾ, ನಿಮಗ ಆಗೂದಿಲ್ಲ ಅಂದ್ರ ತ್ವಾಟ ಆ ಕಾಯಿ ವ್ಯಾಪಾರದ ಬುಡ್ಡೇಸಾಬಗ ವರ್ಷಕ್ಕಿಷ್ಟ ರೊಕ್ಕಾ ಅಂತ ಲಾವಣಿ ಕೊಡ್ರಿ. ಅತ್ತಿಗಿ ಹೆಂಗೂ ಹೊಂಟಾಳ. ನೀವಿಬ್ಬರೂ ಇಜಾಪುರಕ್ಕ ಬಂದ್ಬಿಡ್ರಿ."

ಅತ್ತಿಗೆ ಹೊರಟಿದ್ದಾಳೆ ಎಂಬ ಮಾತನ್ನು ಆ ಮನೆಯಲ್ಲಿ ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಪರಸವ್ವ ಅವನ ತಾಟಿಗೆ ಮಜ್ಜಿಗೆ ಸುರಿದು ಒಳಗೆ ಹೋದಳು.

ಎರಡು ದಿನ ಬಿಟ್ಟು ಬುಡ್ಡೇಸಾಬ ಬಂದ. ಅವನು ಬಾಗವಾನರವ. ವರ್ಷವೂ ಗಿಡದ ಮೇಲಿನ ಕಾಯಿ ಗುತ್ತಿಗೆ ಹಿಡಿದು ವಿಜಾಪುರದ ಪೇಟೆಗೆ ಹಾಕುತ್ತಿದ್ದ. ತೋಟದ ನಡುವೆ ನಿಂತು ಗಡ್ಡ ನೀವಿಕೊಂಡ.

"ಏನೋ ಯಲಗೂರಪ್ಪಾ, ಬಹಾರ ಹಿಡಿಯಾಕತ್ತೀಯೋ, ಕಟಗಿ ವ್ಯಾಪಾರಾ ಮಾಡಾಕತ್ತೀಯೋ?"

"ಎಲಿ ಇನ್ನೂ ಬಿದ್ದಿಲ್ಲೋ ಬುಡ್ಡ್ಯಾ."

ಬುತ್ತಿ ತಂದಿದ್ದ ಸಾವಂತ್ರವ್ವ ಅಲ್ಲೇ ನಿಂತಿದ್ದಳು. ಅವಳ ಕಾಲಡಿಯಲ್ಲಿ ಎಲೆ ಚರಚರ ಎನ್ನುತ್ತಿತ್ತು. ನೆಲ ಕಾಣದಷ್ಟು ಎಲೆ. ಯಲಗೂರಪ್ಪ ಅದೇ ನೆಲವನ್ನು ನೋಡುತ್ತ, ಎಲೆ ಬಿದ್ದಿಲ್ಲ ಎಂದಿದ್ದ. ಬುಡ್ಡೇಸಾಬ ಅವಳ ಕಡೆ ನೋಡಿದ. ಅವಳು ಸೆರಗು ಸರಿಮಾಡಿಕೊಂಡಳು. ಅವನು ಸೈಕಲ್ ಹತ್ತಿದ.

ಮನೆಗೆ ಬರುವ ದಾರಿಯಲ್ಲಿ ಸಾವಂತ್ರವ್ವನಿಗೆ ಎಲ್ಲಾ ತಿಳಿಯಿತು. ಹೊಸ ನೀರು ಬಿಟ್ಟ ಮೇಲೆ ಕರೆದುಕೊಂಡು ಹೋಗು ಎಂದು ಗಂಡ ಮಾತು ಕೊಟ್ಟಿದ್ದ. ಎರಡು ಮಾತಾಡುವವನಲ್ಲ, ಮಾತು ಮುರಿಯಲಾರ. ಆದ್ದರಿಂದ ನೀರು ಬಿಡುತ್ತಿಲ್ಲ. ನೀರು ಬಿಡುವ ತನಕ ಪರಸವ್ವ ಈ ಮನೆಯವಳು. ನೀರು ಬಿಟ್ಟ ದಿನದಿಂದ ತೊರವಿಯವಳು. ಭಾಗಪ್ಪನ ಹೆಸರು ಹೇಳುವ ಜೀವವೆಂದು ಆ ಮನೆಯಲ್ಲಿ ಉಳಿದದ್ದು ಅವಳೊಬ್ಬಳು.

ತಿಳಿದ ಮೇಲೆ ಅವಳೇನು ಮಾಡಿದಳು? ಏನೂ ಮಾಡಲಿಲ್ಲ. ಗಂಡನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಳಗೊಳಗೇ ಹಾಯೆನಿಸಿತು. ಪರಸವ್ವ ಇಲ್ಲದ ಮನೆಯನ್ನು ಅವಳು ಒಂದೆರಡು ಸಲ ಊಹಿಸಲು ನೋಡಿ ಬಿಟ್ಟುಬಿಟ್ಟಿದ್ದಳು. ನಾಳೆ ಕೇಳಿದರಾಯಿತು ಎಂದುಕೊಂಡಳು. ಆ ನಾಳೆಗೂ ಒಂದು ನಾಳೆ ಬಂತು. ಬಿಸಿಲು ಚುರುಗುಡುತ್ತಿತ್ತು, ಬಾವಿಯಲ್ಲಿ ನೀರು ತುಂಬಿತ್ತು, ಎತ್ತುಗಳು ಕೆಲಸವಿಲ್ಲದೆ ಮೆಲುಕು ಹಾಕುತ್ತಿದ್ದವು. ರೊಟ್ಟಿ ಬಡಿದರು, ಉಂಡರು, ಮಲಗಿದರು. ಗಿಡ ಒಣಗುವುದನ್ನು ಮೂವರೂ ನೋಡಿದರು.

ಶೀಗಿ ಹುಣ್ಣಿಮೆ ಬಂತು. ಹೊಲಕ್ಕೆ ಅನ್ನದ ಚರಗ ಚೆಲ್ಲುವ ಹಬ್ಬ. ಸಾವಂತ್ರವ್ವ ಮನಸ್ಸಿಲ್ಲದೆಯೇ ಕಡಬು ಮಾಡಿದಳು, ಪುಂಡಿಪಲ್ಯ ಮಾಡಿದಳು, ಸಜ್ಜೆ ರೊಟ್ಟಿ ಬಡಿದಳು. ಬುಟ್ಟಿ ಹೊತ್ತು ಅತ್ತೆ ಸೊಸೆ ತೋಟಕ್ಕೆ ಬಂದರು. ಯಲಗೂರಪ್ಪ ಬಾವಿಯ ಕಟ್ಟೆಯ ಮೇಲೆ ಕೂತಿದ್ದ, ಏಳಲಿಲ್ಲ. ಸುತ್ತಲ ಹೊಲಗಳಿಂದ ಚರಗ ಚೆಲ್ಲುವವರ ಕೂಗು ಕೇಳುತ್ತಿತ್ತು. ಹಬ್ಬದ ದಿನ ನೆಲವ್ವ ಬಸುರಿ ಎನ್ನುತ್ತಾರೆ. ಬಸುರಿಯ ಬಯಕೆಗೆ ಉಣ್ಣಿಸಬೇಕು. ಪರಸವ್ವ ಅನ್ನದ ಬುಟ್ಟಿ ಹಿಡಿದು ಬಾವಿಗೆ ದೂರದ ಕೊನೆಯ ಸಾಲಿನ ತನಕ ಹೋದಳು. ಅವು ಭಾಗಪ್ಪ ಮದುವೆಯಾದ ವರ್ಷ ಹಚ್ಚಿದ ಗಿಡಗಳು, ಇನ್ನೂ ಎಳೆಯವು. ಒಂದರ ಮೇಲೂ ಎಲೆ ಉಳಿದಿರಲಿಲ್ಲ. ಅವಳು ಒಂದು ಟೊಂಗೆ ಬಗ್ಗಿಸಿ ನೋಡಿದಳು. ಅದು ಬಗ್ಗಲಿಲ್ಲ, ಮುರಿಯಿತು.

ಮುರಿದ ಟೊಂಗೆ ಹಿಡಿದುಕೊಂಡೇ ವಾಪಸ್ಸು ಬಂದು, ಅತ್ತೆಯ ಮುಂದೆ ನಿಂತಳು. ಧ್ವನಿ ಎತ್ತರವೂ ಆಗಲಿಲ್ಲ, ನಡುಗಲೂ ಇಲ್ಲ.

"ಅತ್ತಿ, ನಾ ಹೋಗೂದಿಲ್ಲ ಅಂತ ಅಣ್ಣಗ ಹೇಳಿ ಕಳಸ್ತೀನ್ರಿ. ಇಲ್ಲೇ ಇರ್ತೀನಿ. ಮಾವಗ ಹೇಳ್ರಿ, ಗಿಡಕ್ಕ ನೀರ ಬಿಡಾಕ."

ಸಾವಂತ್ರವ್ವನಿಗೆ ಕೆನ್ನೆಗೆ ಹೊಡೆದಂತಾಯಿತು. ಹುಡುಗಿಗೂ ಗೊತ್ತಿತ್ತು. ಎಂದಿನಿಂದ ಗೊತ್ತಿತ್ತೋ! ಬಯಸಿದ್ದು ಇದನ್ನೇ ಅಲ್ಲವೇ? ಇರುತ್ತೇನೆ ಎನ್ನುವ ಮಾತು ಕೈಗೆ ಬಂದಿತ್ತು. ಸುಮ್ಮನೆ ಸೆರಗಿನಲ್ಲಿ ಕಟ್ಟಿಕೊಂಡರೆ ಸಾಕಿತ್ತು. ಆದರೆ ನೀರು ಕಟ್ಟಿ ಹೂ ಬಿಡಿಸುವುದು ನಿಂಬೆಗೆ ಮಾಡುವ ಕೆಲಸ. ಹಡೆದವರ ಮಗಳನ್ನು ಹಾಗೆ ಹಿಂಡಿ ಬಾಯಿಂದ ಒಂದು ಮಾತು ಬಿಡಿಸಿಕೊಂಡರೆ ಅದು ಯಾವ ಜನ್ಮಕ್ಕೆ ಅರಗೀತು?

ಅವಳು ಬುತ್ತಿಯ ಗಂಟನ್ನು ಹಾಗೇ ಬಿಟ್ಟು ಎತ್ತಿನ ಕಡೆ ನಡೆದಳು.

"ಏ, ಎಲ್ಲಿ ಹೊಂಟಿ?" ಎಂದ ಯಲಗೂರಪ್ಪ.

"ಮೊಟ ಹೊಡಿಯಾಕ."

"ಹುಚ್ಚ ಹಿಡದೈತೇನ ನಿನಗ? ಹೆಂಗಸ ಮೊಟ ಹೊಡದ್ರ ಬಾವಿ ಬತ್ತತೈತಿ."

"ಬತ್ತಲಿ. ತುಂಬಿದ ಬಾವಿ ಇಟಗೊಂಡು ಏನ ಪೂಜಿ ಮಾಡಾಕತ್ತೀರಿ?"

"ಎಲಿ ಇನ್ನೂ..."

"ಎಲಿ ಬಿದ್ದು ಮಣ್ಣ ಆಗ್ಯಾವ! ನಿಮ್ಮ ಕಣ್ಣಿಗಿ ಕಾಣೂದಿಲ್ಲೇನು? ಮಗನ್ನ ಹುಗದ್ರಿ, ಈಗ ಮಗ ಹಚ್ಚಿದ ಗಿಡಾನೂ ಹುಗೀತೀರಿ. ಆಕಿ ಹೋದ್ರ ಹೋಗ್ಲಿ. ಆಕಿ ಏನ್ ನಾವ ಹಚ್ಚಿದ ಗಿಡಾ ಅಲ್ಲ."

ಮದುವೆಯಾದಂದಿನಿಂದ ಅವಳು ಗಂಡನ ಮೇಲೆ ಇಷ್ಟು ಧ್ವನಿ ಎತ್ತಿರಲಿಲ್ಲ. ಯಲಗೂರಪ್ಪ ಕಟ್ಟೆಯ ಮೇಲೆ ಕೂತೇ ಇದ್ದ, ಮುಖ ತಿರುಗಿಸಿದ. ಸಾವಂತ್ರವ್ವ ಎತ್ತುಗಳ ಹೆಗಲಿಗೆ ನೊಗ ಏರಿಸಿ, ಮಿಣಿ ಬಿಗಿದು, ತೊಗಲಿನ ಮೊಟವನ್ನು ಬಾವಿಗೆ ಇಳಿಬಿಟ್ಟಳು. ಎತ್ತುಗಳು ಇಳಿಜಾರಿನಲ್ಲಿ ನೆಟ್ಟಗೆ ಇಳಿದವು, ಮೊಟ ತುಂಬಿ ಮೇಲೆ ಬಂದು ಕಲ್ಲಿನ ದೋಣಿಗೆ ನೀರು ಸುರಿಯಿತು. ಅಲ್ಲಿಗೆ ಸರಿ. ಇನ್ನು ಎತ್ತು ಹಿಂದೆ ಹಿಂದೆ ಹೆಜ್ಜೆಯಿಟ್ಟು ಏರಬೇಕು. ಅವು ಅವಳ ಮಾತು ಕೇಳಲಿಲ್ಲ. ಹಗ್ಗ ಜಗ್ಗಿದಳು, ಬೈದಳು, ಬೇಡಿಕೊಂಡಳು. ಎಡಗಡೆಯದು ಬಾಲ ಬೀಸಿ ನಿಂತೇ ಬಿಟ್ಟಿತು.

ಕಟ್ಟೆಯ ಮೇಲಿಂದ ಯಲಗೂರಪ್ಪ ಲೊಚಗುಟ್ಟಿದ. ತಾನು ಲೊಚಗುಟ್ಟಿದ್ದು ಅವನಿಗೇ ಗೊತ್ತಿರಲಿಲ್ಲ. ಅದು ನಲವತ್ತು ವರ್ಷದ ಬಾಯಿ. ಎತ್ತು ಕಿವಿ ನಿಮಿರಿಸಿ ಒಂದು ಹೆಜ್ಜೆ ಹಿಂದಿಟ್ಟಿತು. ಮತ್ತೊಮ್ಮೆ ಲೊಚಗುಟ್ಟಿದ. ಮತ್ತೊಂದು ಹೆಜ್ಜೆ. ಆಮೇಲೆ ಅವನು ಕೆಮ್ಮುತ್ತ ಎದ್ದು ಬಂದು, ಅವಳ ಕೈಯಿಂದ ಹಗ್ಗ ಕಸಿದುಕೊಂಡ. ಅವಳ ಮುಖ ನೋಡಲಿಲ್ಲ.

"ಕಾಲವಿ ಕಡೆ ಯಾರ ಅದಾರ?" ಎಂದು ಮಾತ್ರ ಕೇಳಿದ.

"ನಾ ಅದೀನ್ರಿ ಮಾವಾ" ಎಂದಳು ಪರಸವ್ವ.

ಸಲಿಕೆ ಹಿಡಿದು ಅವಳು ನೀರಿನ ಮುಂದೆ ಮುಂದೆ ನಡೆದಳು. ಒಂದೊಂದು ಮಡಿಯ ಬಾಯಿ ಕಡಿದು ನೀರು ಬಿಟ್ಟಳು, ತುಂಬಿದ ಮೇಲೆ ಮುಚ್ಚಿದಳು. ತನ್ನನ್ನು ಈ ಮನೆಯಿಂದ ಕಳಿಸುವ ನೀರಿಗೆ ತಾನೇ ದಾರಿ ಮಾಡುತ್ತ ಸಂಜೆಯ ತನಕ ದುಡಿದಳು. ಒಣಗಿದ ಮಣ್ಣು ನೀರು ಕುಡಿಯುವ ಸಪ್ಪಳ ಕೇಳುತ್ತಿತ್ತು. ಹಬ್ಬದ ಅಡಿಗೆ ಬುಟ್ಟಿಯಲ್ಲೇ ತಣ್ಣಗಾಯಿತು.

ಯಲಗೂರಪ್ಪ ಎರಡು ಮಾತಾಡಲಿಲ್ಲ. ಬಬಲೇಶ್ವರಕ್ಕೆ ಹೇಳಿ ಕಳಿಸಿದ. ದೀಪಾವಳಿಗೆ ಮೊದಲೇ ರಾಯಪ್ಪ ಬಂದು ತಂಗಿಯನ್ನು ಕರೆದುಕೊಂಡು ಹೋದ. ಸಾವಂತ್ರವ್ವ ಅವಳಿಗೆ ಉಡಿ ತುಂಬಲಿಲ್ಲ, ತುಂಬುವ ಹಾಗಿರಲಿಲ್ಲ. ಒಂದು ಇಳಕಲ್ ಸೀರೆ ಕೊಟ್ಟು, "ಚೆಂದಾಗಿ ಬಾಳೇ ಮಾಡು ಯವ್ವಾ" ಎಂದಳು. ಪರಸವ್ವ ಇಬ್ಬರ ಕಾಲಿಗೂ ಬಿದ್ದಳು. "ಸೇವಂತಿಗಿಗಿ ಮುಸರಿ ನೀರ ಹಾಕ್ರಿ ಅತ್ತಿ, ಮಗ್ಗಿ ಬಂದಾವ" ಎಂದಳು. ಇನ್ನೂ ಏನೋ ಹೇಳುವವಳಂತೆ ಒಮ್ಮೆ ಅಡಿಗೆಮನೆಯ ಕಡೆ ನೋಡಿದಳು, ಹೇಳಲಿಲ್ಲ. ಬಸ್ಸು ಹೋದ ಮೇಲೂ ಸಾವಂತ್ರವ್ವನಿಗೆ ಅಳು ಬರಲಿಲ್ಲ.

ದೀಪಾವಳಿ ಕಳೆದು ನಿಂಬೆ ಹೂ ಬಿಟ್ಟಿತು. ಬಾವಿಯ ಸುತ್ತಿನ ಹಳೆಯ ಗಿಡಗಳು ಎಳೆ ಚಿಗುರಿನ ಸಂದು ಸಂದಿನಲ್ಲಿ ಬಿಳಿ ಮಗ್ಗು ಹೊತ್ತು ನಿಂತವು. ವಾಸನೆ ಬಂಡಿದಾರಿಯ ತನಕ ಬರುತ್ತಿತ್ತು. ಬುಡ್ಡೇಸಾಬ ಬಂದು ನೋಡಿ, "ಮುದುಕಾ, ಹೆದರಿಸಿದ್ದೆಲೋ" ಎಂದು ನಕ್ಕ. ಕೊನೆಯ ಸಾಲು ಮಾತ್ರ ಏಳಲಿಲ್ಲ. ಭಾಗಪ್ಪನ ಗಿಡಗಳು ಒಂದೂ ಚಿಗುರಲಿಲ್ಲ. ಅವನ್ನು ಕಿತ್ತು ಹಾಕು ಎಂದು ಬಾಬು ಹೇಳಿ ಹೋಗಿದ್ದ. ಯಲಗೂರಪ್ಪ ಕೀಳಲಿಲ್ಲ.

ಸಾವಂತ್ರವ್ವ ಬುತ್ತಿ ತಂದಾಗ ಅವನು ಆ ಸಾಲಿನ ಹತ್ತಿರವೇ ಕೂತಿದ್ದ.

"ನಾನ ಕೊಂದ್ನಿ ಇವನ್ನ" ಎಂದ.

"ಉಣ್ರಿ" ಎಂದಳು ಅವಳು.

ಅವನು ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿ ಬಾಯಿಗಿಟ್ಟುಕೊಂಡ. ಅಗಿಯುತ್ತಿದ್ದ ಬಾಯಿ ನಿಂತಿತು.

"ಉಪ್ಪಿಲ್ಲ ಇದಕ್ಕ."

"ಏನಂದ್ರಿ?"

"ಉಪ್ಪ ಹಾಕಿಲ್ಲ ನೀ. ನಿನ್ನೀನೂ ಇರಲಿಲ್ಲ. ಆಕಿ ಹೋದಾಗಿಂದ ಇಲ್ಲ."

ಸಾವಂತ್ರವ್ವ ಬೆರಳಿನಿಂದ ಪಲ್ಯ ತೆಗೆದು ನಾಲಗೆಗಿಟ್ಟುಕೊಂಡಳು. ಹೌದು, ಉಪ್ಪಿರಲಿಲ್ಲ. ಸಪ್ಪಗಿತ್ತು. ಸಪ್ಪಗಿದೆಯೆಂದು ನಾಲಗೆಗೆ ಚೆನ್ನಾಗಿ ತಿಳಿಯುತ್ತಿತ್ತು. ಅವಳಿಗೆ ಬದನೆಕಾಯಿ ಪಲ್ಯ ಮಾಡಿದ ದಿನ ನೆನಪಾಯಿತು, ಅಂಥ ಎಷ್ಟೋ ದಿನಗಳು ನೆನಪಾದವು. ಅವಳು ರೊಟ್ಟಿಗೆ ತಿರುಗುವುದು, ಪರಸವ್ವ ಗಡಿಗೆ ಇಳಿಸುವುದು, ಸೆರಗಿಗೆ ಬೆರಳು ಒರೆಸಿಕೊಳ್ಳುವುದು.

"ಉಪ್ಪ ಹಾಕತಿದ್ದಾಕಿ ನಾ ಅಲ್ಲ" ಎಂದಳು ಗಂಡನಿಗೆ. "ಒಂದೂವರಿ ವರ್ಷ ಆಕಿ ಹಾಕಾಕತ್ತಿದ್ಲು. ನಾ ಮರತಾಗೆಲ್ಲಾ ಆಕೀನ ಹಾಕಿದ್ಲು. ಒಂದ ದಿನಾ ಅತ್ತಿ ಮರತೀರಿ ಅಂತ ಅನ್ನಲಿಲ್ಲ."

ಯಲಗೂರಪ್ಪ ಸಪ್ಪನೆಯ ಪಲ್ಯವನ್ನು ಪೂರ್ತಿ ಉಂಡ, ತಾಟು ಒರೆಸಿದ. "ನಾಳಿಗಿ ನೆನಪಲೆ ಹಾಕು" ಎಂದ.

"ಹಾಕ್ತೀನ್ರಿ" ಎಂದಳು. ತಾನು ಅಳುತ್ತಿದ್ದೇನೆಂದು ಆಗ ಗೊತ್ತಾಯಿತು. ಅಳುತ್ತಲೇ ಬುತ್ತಿಯ ಬಟ್ಟೆ ಕೊಡವಿ ಮಡಚಿದಳು, ಅಳುತ್ತಲೇ ಹೂಬಿಟ್ಟ ಸಾಲುಗಳ ನಡುವೆ ನಡೆದು ಮನೆಗೆ ಬಂದಳು. ಉಪ್ಪಿನ ಗಡಿಗೆ ಒಲೆಯ ಎಡಕ್ಕೆ, ಪರಸವ್ವ ಕೂರುತ್ತಿದ್ದ ಜಾಗದಲ್ಲೇ ಇತ್ತು. ಅದನ್ನೆತ್ತಿ ಬಲಗಡೆಗೆ, ತನ್ನ ಕೈಗೆ ತಗಲುವ ಹಾಗೆ ಇಟ್ಟಳು. ಆಮೇಲೆ ಮುಸುರೆ ನೀರು ತೆಗೆದುಕೊಂಡು ಹಿತ್ತಲಿಗೆ ಹೋದಳು.